ಖಾದಿ ಅಂಗಿ ಯಾಕ ತುಟ್ಟಿ?

ಹೊಲದ ಕೆಲಸಕ್ಕೆ ಗಟ್ಟಿ ಅಂಗಿ ಬೇಕೆಂದು ನಾನು, ಅಪ್ಪ ಗೋಕಾಕದ ಸಣ್ಣ ಅಂಗಡಿಗೆ ಹೋಗಿದ್ದೆವು. ಖಾದಿಯ ರೇಟು ಕೇಳಿ ಅಪ್ಪ, “ಇಷ್ಟ್ಯಾಕ ತುಟ್ಟಿ?” ಅಂದರು. ಕಾರಣ ಹೀಗಿದೆ.

ಗೋಕಾಕ ಫಾಲ್ಸ್ ಗಿರಣಿಯಲ್ಲಿ 1880ರ ದಶಕದಲ್ಲೇ ಯಂತ್ರ ನೂಲತೊಡಗಿತು. ಖಾದಿಯಲ್ಲಿ ನೂಲುವುದು, ನೇಯುವುದು ಎರಡೂ ಕೈಕೆಲಸ. 1937ರಲ್ಲಿ ಗಾಂಧೀಜಿ ಬಂದಿದ್ದ ನಮ್ಮ ಜಿಲ್ಲೆಯ ಹುದಲಿಯಲ್ಲಿ ಈ ಕೆಲಸ ಎಷ್ಟೋ ಮನೆಗಳಿಗೆ ಕೂಲಿ ತಂದಿತು.

ಕೊಳ್ಳುವಾಗ ಅರಿವೆಯನ್ನು ಬೆಳಕಿಗೆ ಹಿಡಿದು ನೋಡ್ರಿ. ಕೈನೂಲಿನ ಎಳೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣ ಇರುತ್ತದೆ, ಅದು ದೋಷವಲ್ಲ. ನೂಲಿನ ನಂಬರ್ ಕೇಳಿರಿ. ನಂಬರ್ ಕಡಿಮೆಯಾದಷ್ಟೂ ಎಳೆ ದಪ್ಪ. ಹೊಲಿಯಲು ಕೊಡುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿರಿ, ಇಲ್ಲದಿದ್ದರೆ ಅಂಗಿ ಗಿಡ್ಡಾಗುತ್ತದೆ.

ತುಟ್ಟಿ ಅನ್ನುವ ಆ ರೊಕ್ಕದಾಗ ನೂತವರ, ನೇಯ್ದವರ ಕೂಲಿ ಐತಿ.