‘ಮಿಸ್, ಇದು ಕೂಡೋದಾ ಕಳೆಯೋದಾ?’

ನಾಲ್ಕನೇ ತರಗತಿಗೆ ಬಂದ ಮಕ್ಕಳಿಗೆ ಮೊದಮೊದಲು ದಿಕ್ಕೇ ತೋಚುವುದಿಲ್ಲ. ಮೂರರವರೆಗೆ ನಲಿಕಲಿ. ಗೋಡೆಯ ಮೇಲೆ ಕಲಿಕೆಯ ಏಣಿ, ಕೈಯಲ್ಲಿ ಕಾರ್ಡು, ನೆಲದ ಮೇಲೆ ‘ತಟ್ಟೆ’ ಎಂದು ಕರೆಯುವ ಗುಂಪುಗಳು. ಯಾರು ಎಲ್ಲಿದ್ದಾರೋ ಅಲ್ಲಿಂದ ಮುಂದಕ್ಕೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಗೆ ಒಗ್ಗಿಹೋದ ಮಗುವಿನ ಎದುರು ನಾಲ್ಕರಲ್ಲಿ ಇದ್ದಕ್ಕಿದ್ದಂತೆ ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಅಂತ ನಾಲ್ಕು ಪುಸ್ತಕ ಬಂದು ಕೂರುತ್ತವೆ. ಗಂಟೆ ಹೊಡೆದಾಗ ಒಂದನ್ನು ಚೀಲಕ್ಕೆ ತುರುಕಿ ಇನ್ನೊಂದನ್ನು ತೆಗೆಯಬೇಕು.

ನಮ್ಮದು ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆ. ಇರುವುದು ನಾವಿಬ್ಬರೇ. ನಲಿಕಲಿ ಇನ್ನೊಬ್ಬ ಶಿಕ್ಷಕರದು, ನಾಲ್ಕು-ಐದು ನನ್ನದು. ಎಲ್ಲ ವಿಷಯವೂ ಒಬ್ಬಳ ಕೊರಳಿಗೇ ಬೀಳುವುದು ಹೊರೆಯೇ ಸರಿ. ಆದರೆ ಅದರಿಂದ ಒಂದು ಲಾಭವಾಯಿತು. ಗಣಿತದಲ್ಲಿ ಮುಗ್ಗರಿಸಿದ ಮಗುವಿನ ಕಾಲು ಎಡವಿದ ಕಲ್ಲು ಯಾವುದು ಅನ್ನುವುದು ಎಷ್ಟೋ ಸಲ ಕನ್ನಡದ ಪೀರಿಯಡ್ಡಿನಲ್ಲಿ ಕಾಣಿಸಿತು.

ಈ ವಯಸ್ಸಿನ ಮಕ್ಕಳಿಗೆ ಪಾಠ ಮಾಡಿದ ಯಾರೂ ಒಂದು ಪ್ರಶ್ನೆಯಿಂದ ತಪ್ಪಿಸಿಕೊಂಡಿರಲಾರರು. ಬೋರ್ಡಿನ ಮೇಲೆ ವಾಕ್ಯದ ಲೆಕ್ಕ ಬರೆದು ತಿರುಗುವಷ್ಟರಲ್ಲಿ, ‘ಮಿಸ್, ಇದು ಕೂಡೋದಾ ಕಳೆಯೋದಾ?’ ಕೂಡಲು ಬರುತ್ತದೆ, ಕಳೆಯಲೂ ಬರುತ್ತದೆ. ಲೆಕ್ಕವನ್ನು ಓದಿಯೇ ಇರುವುದಿಲ್ಲ. ಕಣ್ಣು ಅಕ್ಷರಗಳನ್ನೆಲ್ಲ ದಾಟಿ ನೇರವಾಗಿ ಅಂಕಿಯ ಮೇಲೆ ಹಾರಿರುತ್ತದೆ. ‘ಒಟ್ಟು’ ಅಂತಿದ್ದರೆ ಕೂಡು, ‘ಉಳಿದದ್ದು’ ಅಂತಿದ್ದರೆ ಕಳೆ ಎಂದು ಗುರುತಿನ ಪದ ಹೇಳಿಕೊಡುವ ರೂಢಿ ಇದೆಯಲ್ಲ, ನನಗೆ ಅದರಲ್ಲಿ ನಂಬಿಕೆ ಇಲ್ಲ. ‘ಅಕ್ಕನ ಹತ್ತಿರ ನನಗಿಂತ 5 ರೂಪಾಯಿ ಹೆಚ್ಚಿದೆ, ಅವಳ ಹತ್ತಿರ 12 ಇದೆ, ನನ್ನ ಹತ್ತಿರ ಎಷ್ಟು?’ ಅಂದರೆ ‘ಹೆಚ್ಚು’ ಅನ್ನುವುದನ್ನು ನೋಡಿದವರೆಲ್ಲ 17 ಅಂತ ಕೈ ಎತ್ತುತ್ತಾರೆ.

ಹಾಗಾಗಿ ಅಂಕಿಗಳನ್ನು ಅಳಿಸಿ ಲೆಕ್ಕ ಕೊಡಲು ಶುರುಮಾಡಿದೆ. ‘ಒಬ್ಬಾಕೆ ಡೇರಿಗೆ ಬೆಳಗ್ಗೆ ಒಂದಷ್ಟು ಹಾಲು ಹಾಕಿದಳು, ಸಂಜೆ ಒಂದಷ್ಟು. ಮನೆಗೆ ಕಾಫಿಗೆ ಸ್ವಲ್ಪ ಇಟ್ಟುಕೊಂಡಳು. ಇಲ್ಲಿ ಏನಾಯ್ತು ಹೇಳಿ?’ ಅಂಕಿ ಇಲ್ಲದಿದ್ದರೆ ಕೂಡುವುದಕ್ಕೇನೂ ಇರುವುದಿಲ್ಲ, ಕತೆ ಹೇಳಲೇಬೇಕು. ಒಬ್ಬ ಹುಡುಗಿ ತಕರಾರು ತೆಗೆದಳು: ‘ಮಿಸ್, ಕಾಫಿಗೆ ಇಟ್ಕೊಂಡ್ಮೇಲೆ ಡೇರಿಗೆ ಹಾಕಿದ್ಲಾ, ಡೇರಿಗೆ ಹಾಕ್ಬಿಟ್ಟು ಮಿಕ್ಕಿದ್ದು ಇಟ್ಕೊಂಡ್ಲಾ?’ ಆ ಪ್ರಶ್ನೆಗೆ ಉತ್ತರ ಸಿಕ್ಕರೆ ಲೆಕ್ಕ ಮುಕ್ಕಾಲು ಮುಗಿದಂತೆ. ಇದು ಕನ್ನಡದ ಪಾಠವೋ ಗಣಿತದ್ದೋ, ಪಾಠಯೋಜನೆಯಲ್ಲಿ ಯಾವ ಕಾಲಮ್ಮಿಗೆ ಹಾಕಬೇಕೋ ನನಗೆ ಇವತ್ತಿಗೂ ಗೊಂದಲವೇ.

ಲೆಕ್ಕ ಮಾಡಿಸಲು ಶಾಲೆಯ ಅಡುಗೆಮನೆಯಂತೂ ಇದ್ದೇ ಇತ್ತು. ಒಂದರಿಂದ ಐದರವರೆಗಿನ ಮಗುವಿಗೆ ಬಿಸಿಯೂಟಕ್ಕೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಕ್ಷೀರಭಾಗ್ಯ ಯೋಜನೆಯ ಹಾಲಿಗೆ ತಲಾ 18 ಗ್ರಾಂ ಪುಡಿ, ಅದರಿಂದ 150 ಮಿ.ಲೀ. ಹಾಲು. ಹಾಜರಿ ಆದಮೇಲೆ ಐದನೆಯವರು ಇಬ್ಬರು ಹೋಗಿ ಅಡುಗೆ ಅಕ್ಕನಿಗೆ ಲೆಕ್ಕ ಒಪ್ಪಿಸಬೇಕು. ಇವತ್ತು 35 ಜನ ಬಂದಿದ್ದರೆ ಅಕ್ಕಿ ಮೂರೂವರೆ ಕೆ.ಜಿ., ಹಾಲಿನ ಪುಡಿ 630 ಗ್ರಾಂ. ಅಕ್ಕನ ಅಂದಾಜು ಅಳತೆಯ ಪಾತ್ರೆಯಲ್ಲಿ. ಮಕ್ಕಳ ಲೆಕ್ಕಕ್ಕೂ ಅವರ ಪಾತ್ರೆಗೂ ತಾಳೆಯಾಗದ ದಿನ ಜಗಳ ನನ್ನ ತನಕ ಬರುತ್ತಿತ್ತು. ತಕ್ಕಡಿಯಲ್ಲಿಟ್ಟು ನೋಡಿದರೆ ಸಾಮಾನ್ಯವಾಗಿ ಅಕ್ಕನೇ ಸರಿ.

ಐದರಲ್ಲಿ ದಶಮಾಂಶ ಬಂದಾಗ ಹಾಲೇ ಮತ್ತೆ ಕೈಹಿಡಿಯಿತು. 3.15 ಮತ್ತು 3.4, ಯಾವುದು ದೊಡ್ಡದು? ತರಗತಿಗೆ ತರಗತಿಯೇ 3.15 ಅಂದಿತು, ನಾಲ್ಕಕ್ಕಿಂತ ಹದಿನೈದು ದೊಡ್ಡದಲ್ಲವೇ? ಹತ್ತನೇ ಒಂದರ ಸ್ಥಾನ, ನೂರನೇ ಒಂದರ ಸ್ಥಾನ ಎಂದು ಕೋಷ್ಟಕ ಬರೆದೆ. ತಲೆಯಾಡಿಸಿದರು, ಮರುದಿನ ಮತ್ತದೇ ಉತ್ತರ. ಗಣಿತದಲ್ಲಿ ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂರುವ ಹುಡುಗನೊಬ್ಬ ಇದ್ದ. ಅವರ ಮನೆಯಲ್ಲಿ ಎರಡು ಹಸು. ಶಾಲೆಗೆ ಬರುವ ಮುಂಚೆ ಡೇರಿಗೆ ಹಾಲು ಹಾಕಿಬರುವುದು ಅವನ ಕೆಲಸ. ಫ್ಯಾಟ್ 3.9 ಬಂದರೆ ಅಪ್ಪನ ಮುಖ ಹೇಗಿರುತ್ತದೆ, 4.1 ಬಂದರೆ ಹೇಗಿರುತ್ತದೆ ಅಂತ ಅವನಿಗೆ ಗೊತ್ತು. ‘ಡೇರೀಲಿ 3.4 ಲೀಟ್ರು ಅಂತ ಬರುದ್ರೆ ಎಷ್ಟೋ?’ ಅಂದೆ. ‘ಮೂರು ಲೀಟ್ರು ನಾನೂರು ಎಂಎಲ್ಲು ಮಿಸ್.’ ‘3.15 ಅಂದ್ರೆ?’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೂರು ಲೀಟ್ರು ನೂರೈವತ್ತು. ಮೂರು ಲೀಟ್ರ ಮೇಲೆ ನಮ್ ಸ್ಕೂಲ್ ಲೋಟದಲ್ಲಿ ಒಂದು ಲೋಟ’ ಅಂದ. ಆಮೇಲೆ ಅದನ್ನು ನಾನು ಮತ್ತೆ ವಿವರಿಸಬೇಕಾಗಲಿಲ್ಲ. ಮಕ್ಕಳೇ ಒಬ್ಬರಿಗೊಬ್ಬರು ಲೋಟದ ಲೆಕ್ಕದಲ್ಲಿ ಹೇಳಿಕೊಂಡರು.

ಭೂಪಟದ್ದೂ ಇದೇ ಪಾಡು. ಗೋಡೆಗೆ ನೇತುಹಾಕಿದ ನಕ್ಷೆ ನೋಡಿ ಬೆಳೆದವರಿಗೆ ಉತ್ತರ ದಿಕ್ಕು ಎಂದರೆ ಮೇಲೆ. ಕೇಳಿದರೆ ಸೂರಿನ ಕಡೆ ಬೆರಳು ತೋರುತ್ತಾರೆ. ನಕ್ಷೆಯನ್ನು ಇಳಿಸಿ, ಅಂಗಳದಲ್ಲಿ ದಿಕ್ಕಿಗೆ ಸರಿಯಾಗಿ ಹಾಸಿ, ಸುತ್ತ ಕೂರಿಸಿದರೆ ಅರ್ಧ ಗಂಟೆಯ ಕೆಲಸ.

ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ. ತರಬೇತಿಗಳಲ್ಲಿ ಈ ಮಾತನ್ನು ಕೇಳಿ ಕೇಳಿ ನಮಗೆ ಬಾಯಿಪಾಠವಾಗಿದೆ. ಆದರೆ ಆ ಉತ್ಸಾಹದಲ್ಲಿ ಕೆಲವರು ಎಲ್ಲವನ್ನೂ ಎಲ್ಲದಕ್ಕೂ ಗಂಟುಹಾಕಹೊರಡುತ್ತಾರೆ. ಗಾಳಿಯ ಪಾಠಕ್ಕೊಂದು ಹಾಡು, ಭಿನ್ನರಾಶಿಗೊಂದು ನಾಟಕ. ಮಕ್ಕಳಿಗೆ ಹಾಡು ನೆನಪಿರುತ್ತದೆ, ಭಿನ್ನರಾಶಿ ಇರುವುದಿಲ್ಲ. ಬಿಡಿಯಾಗಿ ಕೂತು ಕಲಿಯಬೇಕಾದದ್ದು ಬೇಕಾದಷ್ಟಿದೆ. ಒತ್ತಕ್ಷರ ಬಿಡದೆ ಬರೆಯುವುದಕ್ಕೆ ಬರೆದು ಬರೆದೇ ಕೈ ಪಳಗಬೇಕು. ಮಗ್ಗಿಗೂ ಅಡ್ಡದಾರಿ ಇಲ್ಲ. ನಮ್ಮಲ್ಲಿ ಇಪ್ಪತ್ತರವರೆಗೂ ಒಪ್ಪಿಸಬೇಕು. ಅದರಲ್ಲೂ ಹದಿನೆಂಟರ ಮಗ್ಗಿ ಬಾರದ ಜೋಡಿಯನ್ನು ಅಡುಗೆ ಅಕ್ಕ ಹಾಲಿನ ಪುಡಿಯ ಡಬ್ಬಿ ಮುಟ್ಟಲು ಬಿಡುವುದಿಲ್ಲ.