ಐದು ಲೀಟರ್ ಕ್ಯಾನ್ ಯಾರಿಗೆ?

ಚೆನ್ನೈಯ ಪಲ್ಲಾವರಂನಲ್ಲಿ ಕಾರಿಟ್ಟುಕೊಂಡವರಿಗೆ ಬಿಳಿ ಚುಕ್ಕೆಗಳ ಪರಿಚಯ ಇದ್ದೇ ಇರುತ್ತದೆ. ತೊಳೆದು ಬಿಸಿಲಲ್ಲಿ ಬಿಟ್ಟ ಬಾನೆಟ್ ಮೇಲೆ ಹನಿ ಒಣಗಿದಲ್ಲೆಲ್ಲ ಒಂದೊಂದು ಸುಣ್ಣದ ಉಂಗುರ. ಇಲ್ಲಿನ ಬೋರ್ ನೀರನ್ನು ಜನ ‘ಉಪ್ಪು ತಣ್ಣಿ’ ಎಂದೇ ಕರೆಯುತ್ತಾರೆ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು, ಬೇರೆ ಗತಿ ಇಲ್ಲದಿದ್ದರೆ 2000ದ ತನಕ ನಡೆಯುತ್ತದೆ ಎನ್ನುವುದು ಭಾರತೀಯ ಮಾನಕ ಬ್ಯೂರೋದ ಲೆಕ್ಕ. ನಮ್ಮ ಅಪಾರ್ಟ್‌ಮೆಂಟಿನ ಬೋರ್ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ ಸಾವಿರದ ಮೇಲೆಯೇ ತೋರಿಸುತ್ತದೆ.

ಬೆಂಗಳೂರಿನಲ್ಲಿದ್ದಾಗ ನನಗೆ ಇದ್ದ ಚಿಂತೆ ಬೇರೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನಿಂತು, ಕಾರಿನ ಶಾಂಪೂ, ಪಾಲಿಶ್‌ಗಳ ಅಂದದ ಅರ್ಧ ಲೀಟರ್ ಬಾಟಲಿ ಕೊಳ್ಳಲೋ, ವರ್ಕ್‌ಶಾಪಿನವರು ಒಯ್ಯುವ ಐದು ಲೀಟರ್ ಕ್ಯಾನ್ ಕೊಳ್ಳಲೋ ಎಂದು ಯೋಚಿಸುತ್ತಿದ್ದೆ. ಚೆನ್ನೈಯಲ್ಲಿ ಅದೇ ಅಂಗಡಿಗಳು ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿವೆ, ಅದೇ ಬಾಟಲಿ, ಅದೇ ಕ್ಯಾನ್. ಇಲ್ಲಿಗೆ ಬಂದ ಮೇಲೆ ನನ್ನ ಭಾವಮೈದ ಹಟ ಹಿಡಿದ. “ಭಾವ, ಡೀಟೇಲಿಂಗ್‌ನೋರು ಬಳಸೋದೇ ಈ ಕ್ಯಾನ್. ಬಾಟಲಿ ಎಲ್ಲ ನಮ್ಮಂಥೋರಿಗೆ ಟೋಪಿ ಹಾಕೋಕೆ.” ಸರಿ, ಕೇಳಿಯೇ ಬಿಡೋಣ ಅಂತ ಇನ್ನೂರು ಅಡಿ ರಸ್ತೆಯ ಕಡೆ ಡೀಟೇಲಿಂಗ್, ಅಂದರೆ ಕಾರು ತೊಳೆದು ಹೊಳಪು ಕೊಡುವ ಅಂಗಡಿ ಇಟ್ಟುಕೊಂಡ ಒಬ್ಬರ ಹತ್ತಿರ ಹೋದೆವು. ಅವರು ಕ್ಯಾನ್ ಕಡೆ ನೋಡಲೂ ಇಲ್ಲ. “ಸಾರ್, ತಣ್ಣಿ ದಾನ್ ಪ್ರಾಬ್ಲಂ,” ನೀರೇ ಸಮಸ್ಯೆ ಎಂದರು. ನೀರು ಯಾವುದು, ನೆರಳಿದೆಯಾ, ತಿಂಗಳಿಗೆ ಎಷ್ಟು ಕಾರು ತೊಳೆಯುತ್ತೀರಿ, ಇಷ್ಟು ಕೇಳಿದರು. ಮೂರಕ್ಕೂ ನಮ್ಮ ಉತ್ತರ ಪೇಲವವಾಗಿತ್ತು.

ಪ್ರೊಫೆಶನಲ್ ಮಾಲು ಎಂದರೆ ಹೆಚ್ಚು ಒಳ್ಳೆಯ ಮಾಲು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಹಲವು ಸಲ ಎರಡನ್ನೂ ತಯಾರಿಸುವುದು ಒಂದೇ ಮನೆ. 1901ರಲ್ಲಿ ಪೀಠೋಪಕರಣದ ಪಾಲಿಶ್‌ನಿಂದ ಶುರುವಾಗಿ 2013ರಲ್ಲಿ 3ಎಂ ಕೈಸೇರಿದ ಮೆಗ್ವಯರ್ಸ್‌ಗೆ ಮನೆಯವರಿಗೊಂದು ಸಾಲು, ವರ್ಕ್‌ಶಾಪಿನವರಿಗೊಂದು ಸಾಲು ಇದೆ. ನಡುವಿನ ವ್ಯತ್ಯಾಸ ಇಷ್ಟೆ: ಬಾಟಲಿ ಮಾಡುವವನು ನಿಮ್ಮ ಪರವಾಗಿ ಕೆಲವು ತೀರ್ಮಾನಗಳನ್ನು ಮೊದಲೇ ಮಾಡಿ ಮುಚ್ಚಳ ಹಾಕಿರುತ್ತಾನೆ. ಕ್ಯಾನ್ ಮಾಡುವವನು ಅವನ್ನೆಲ್ಲ ನಿಮಗೇ ಬಿಟ್ಟಿರುತ್ತಾನೆ. ಎಷ್ಟು ನೀರು ಬೆರೆಸಬೇಕು, ಎಷ್ಟು ಹೊತ್ತು ಬಿಡಬೇಕು, ಯಾವುದರ ಮೇಲೆ ಹಾಕಲೇಬಾರದು, ಎಲ್ಲವೂ ನಿಮ್ಮ ತಲೆಯಲ್ಲಿರಬೇಕು.

ಶಾಂಪೂವನ್ನೇ ತೆಗೆದುಕೊಳ್ಳಿ. ಗಟ್ಟಿ ಶಾಂಪೂವನ್ನು ಒಂದಕ್ಕೆ ಇನ್ನೂರರಂತೆ ಬೆರೆಸಿದರೆ ಹತ್ತು ಲೀಟರ್ ಬಕೆಟ್ಟಿಗೆ 50 ಎಂ.ಎಲ್. ಸಾಕು. ಐದು ಲೀಟರ್ ಕ್ಯಾನಿನಲ್ಲಿ ಅಂಥ ನೂರು ಬಕೆಟ್ ಆಗುತ್ತದೆ. ವಾರಕ್ಕೊಮ್ಮೆ ತೊಳೆಯುವವನಿಗೆ ಅದು ಹತ್ತಿರ ಹತ್ತಿರ ಎರಡು ವರ್ಷದ ಸರಕು. ಒಂದು ತೊಳೆತಕ್ಕೆ ಬೀಳುವ ಖರ್ಚು ಕ್ಯಾನಿನಲ್ಲಿ ಕಡಿಮೆ, ನಿಜ. ಆದರೆ ಚೆನ್ನೈ ಸೆಕೆಯಲ್ಲಿ ಬಾಲ್ಕನಿಯಲ್ಲಿ ಕೂತ ಕ್ಯಾನ್ ಎರಡು ವರ್ಷ ಹಾಗೇ ಇರುತ್ತದೆಂದು ನಾನು ನಂಬುವುದಿಲ್ಲ. ಸಾಲದ್ದಕ್ಕೆ ಗಡಸು ನೀರಿನಲ್ಲಿ ನೊರೆ ಕಡಿಮೆ ಕಂಡಾಗ ಕೈ ತಾನಾಗಿ ಇನ್ನಷ್ಟು ಸುರಿಯುತ್ತದೆ, ಅಳತೆಗೆ ಬೆಲೆಯೇ ಇರುವುದಿಲ್ಲ.

ಶಾಂಪೂ ಹೆಚ್ಚಾದರೆ ದುಡ್ಡಷ್ಟೇ ದಂಡ. ಚಕ್ರ ತೊಳೆಯುವ ದ್ರವದ ವಿಷಯ ಹಾಗಲ್ಲ. ವರ್ಕ್‌ಶಾಪಿಗೆ ಬರುವ ಕೆಲವು ವೀಲ್ ಕ್ಲೀನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅದನ್ನೇ ಹುಟ್ಟಿಸುವ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಚರ್ಮಕ್ಕೆ ತಗುಲಿದ ತಕ್ಷಣ ಉರಿಯದೇ ಇರಬಹುದು. ಒಳಗಿಳಿದು ಮೈಯ ಕ್ಯಾಲ್ಸಿಯಂ ಕಟ್ಟಿ ಮೂಳೆಯವರೆಗೂ ಹೋಗುವುದು ಆಮೇಲೆ. ಇದನ್ನು ಮನೆಯೊಳಗೆ ಇಡುವ ಮಾತೇ ಬೇಡ. ಶುಕ್ರವಾರದ ಪಲ್ಲಾವರಂ ಸಂತೆಯಲ್ಲಿ ಹಳೇ ಡ್ರಿಲ್ ಮಷಿನ್ ಪಕ್ಕ ಲೇಬಲ್ ಹರಿದ ಕ್ಯಾನ್ ಅಗ್ಗಕ್ಕೆ ಸಿಕ್ಕರೂ ನಾನು ಕೈ ಹಾಕುವುದಿಲ್ಲ. ವೃತ್ತಿಯವರ ಮಾಲಿನ ಜೊತೆ ಸುರಕ್ಷತೆಯ ಹಾಳೆ ಇರಬೇಕು. ಅಂಗಡಿಯವನು ಅದನ್ನು ಕೊಡಲಾರದಿದ್ದರೆ ಮಾಲೂ ಬೇಡ.

ಇನ್ನು ಕಾಂಪೌಂಡ್, ಅಂದರೆ ಗೀರು ತೆಗೆಯುವ ಪೇಸ್ಟ್. ಕಂಪನಿಯಿಂದ ಬಂದ ಕಾರಿನ ಬಣ್ಣ, ಪ್ರೈಮರ್, ಕ್ಲಿಯರ್ ಕೋಟ್ ಎಲ್ಲ ಸೇರಿ ನೂರು ಮೈಕ್ರಾನಿನ ಆಸುಪಾಸು, ಜೆರಾಕ್ಸ್ ಹಾಳೆಯಷ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ನಲವತ್ತೋ ಐವತ್ತೋ. ಡೀಟೇಲಿಂಗ್ ಅಂಗಡಿಯವರು ಗೇಜ್ ಇಟ್ಟು ನನ್ನ ಕಾರಿನ ಬಾಗಿಲು, ಛಾವಣಿ, ಬಾನೆಟ್ ಒಂದೊಂದನ್ನೂ ಅಳೆದರು. ಎಡಬಾಗಿಲಿನ ಅಂಕಿ ದಿಢೀರನೆ ಎರಡರಷ್ಟಾಯಿತು. “ಇಲ್ಲಿ ರೀಪೇಂಟ್ ಆಗಿದೆ ಸಾರ್,” ಎಂದರು. ಸೆಕೆಂಡ್ ಹ್ಯಾಂಡ್ ಮಾರಿದವನು ಹೇಳದೇ ಬಿಟ್ಟ ಸಂಗತಿ ಅಲ್ಲಿ ಹೊರಬಿತ್ತು. ಇಂಥ ಅಳತೆ ಇಲ್ಲದೆ, ಜೋರು ಕಾಂಪೌಂಡನ್ನು ರೋಟರಿ ಮಷಿನ್ ಮೇಲೆ ಹಾಕಿ ಅಂಚಿನಲ್ಲಿ ಒತ್ತಿದರೆ ಕ್ಲಿಯರ್ ಕೋಟ್ ಹೋಗಿ ಬಣ್ಣವೇ ಕೈಗೆ ಬರುತ್ತದೆ. ಮನೆಬಳಕೆಯ ಕ್ಲೀನರ್ ವ್ಯಾಕ್ಸ್ ಗೀರನ್ನು ತೆಗೆಯುವುದಕ್ಕಿಂತ ತುಂಬಿ ಮುಚ್ಚುವುದೇ ಹೆಚ್ಚು. ನಾಲ್ಕು ತೊಳೆತಕ್ಕೆ ಗೀರು ಮತ್ತೆ ಕಾಣುತ್ತದೆ. ಅದು ಮೋಸವೇನಲ್ಲ, ನಮ್ಮ ಕೈಗೆ ತಕ್ಕ ಎಚ್ಚರಿಕೆ.

ಅಂದಹಾಗೆ ಗೀರು ಎಲ್ಲಿಂದ ಬರುತ್ತದೆ? ಬಹುಪಾಲು ತೊಳೆಯುವಾಗಲೇ. ಪಲ್ಲಾವರಂ ಗುಡ್ಡದ ಕಲ್ಲು ಭೂವಿಜ್ಞಾನದಲ್ಲಿ ಹೆಸರುವಾಸಿ. ಕಲ್ಕತ್ತೆಯಲ್ಲಿರುವ ಇಂಗ್ಲಿಷ್ ವರ್ತಕ ಜಾಬ್ ಚಾರ್ನಾಕ್‌ನ ಸಮಾಧಿಯ ಕಲ್ಲೂ ಇದೇ ಜಾತಿಯದೆಂದು 1893ರಲ್ಲಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಇದಕ್ಕೆ ಚಾರ್ನಕೈಟ್ ಎಂದು ಹೆಸರಿಟ್ಟ. ಅದರಲ್ಲಿ ಬೆಣಚು ಇದೆ, ಕ್ಲಿಯರ್ ಕೋಟಿಗಿಂತ ಎಷ್ಟೋ ಗಡಸು. ಆ ಕಲ್ಲಿನ ಪುಡಿ ಧೂಳಾಗಿ ಕೂತ ಕಾರನ್ನು ಒಣಬಟ್ಟೆಯಲ್ಲಿ ಜಾಡಿಸಿದರೆ ಯಾವ ದುಬಾರಿ ಪಾಲಿಶ್ ಇದ್ದೇನು? ಹಾಗಾಗಿ ನಾನು ವೃತ್ತಿಯವರ ದರ್ಜೆಯದನ್ನೇ ಕೊಳ್ಳುವುದು ಮೈಕ್ರೋಫೈಬರ್ ಬಟ್ಟೆ ಮಾತ್ರ. ಅದಕ್ಕೆ ಕೈಚಳಕ ಬೇಡ. ಫ್ಯಾಬ್ರಿಕ್ ಕಂಡಿಷನರ್ ಹಾಕಿ ಒಗೆಯದಿದ್ದರೆ ಬಹುಕಾಲ ಬಾಳುತ್ತದೆ.

ಸೆರಾಮಿಕ್ ಕೋಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿಯಲ್ಲಿ ಹಾಕುವುದನ್ನು ಒಣಗುವ ಮುನ್ನ ಸಮನಾಗಿ ಒರೆಸಬೇಕು. ನಮ್ಮ ಪಾರ್ಕಿಂಗಿನ ಸೆಕೆ, ತೇವದಲ್ಲಿ ಅದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಕೆಲವು ತಿಂಗಳು ಬಾಳುವ ಸ್ಪ್ರೇ ನನಗೆ ಸಾಕು.

ಕೊನೆಗೆ ನೀರಿನ ಸಮಸ್ಯೆ ಬಗೆಹರಿದದ್ದು ಯಾವ ಬಾಟಲಿಯಿಂದಲೂ ಅಲ್ಲ, ಏಸಿಯಿಂದ. ಏಸಿ ಪೈಪಿನಿಂದ ತೊಟ್ಟಿಕ್ಕುವುದು ಗಾಳಿಯ ತೇವ ಇಳಿದ ನೀರು. ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರದ ಪಕ್ಕದ ಈ ಊರಿನಲ್ಲಿ ಬೇಸಗೆಯ ಒಂದು ರಾತ್ರಿಗೆ ಒಂದು ಬಕೆಟ್ ತುಂಬುತ್ತದೆ. ಕೊನೆಯ ಸುತ್ತಿಗೆ ಅದನ್ನೇ ಬಳಸಿ ಒರೆಸಿದರೆ ಉಂಗುರ ಬೀಳುವುದಿಲ್ಲ. ಆರ್‌ಒ ಯಂತ್ರ ಹೊರಹಾಕುವ ನೀರು ಮಾತ್ರ ಬೇಡ, ಅದು ಬೋರ್ ನೀರಿಗಿಂತಲೂ ಉಪ್ಪು. ಧೂಳು ತೆಳ್ಳಗಿದ್ದಾಗ ಎಂಟು ಲೀಟರಿಗೆ 30 ಎಂ.ಎಲ್.ನಷ್ಟು ಬೆರೆಸುವ ರಿನ್ಸ್‌ಲೆಸ್ ದ್ರವ ಸಾಕು, ಪೈಪ್ ಹಿಡಿಯುವ ಕೆಲಸವೇ ಇಲ್ಲ. ಚೆನ್ನೈಗೆ ನೀರಿಲ್ಲದಂತಾದ 2019ರ ಬೇಸಗೆಯಲ್ಲಿ ನೀರಿನ ಲಾರಿಗೆ ಕಾದವರ ಮುಂದೆ ಪೈಪ್ ಹಿಡಿದು ಕಾರು ತೊಳೆಯಲು ಇಲ್ಲಿ ಯಾರಿಗೂ ಮುಖವಿರಲಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಎಂದಾಗ ಅಲ್ಲಿನ ನಮ್ಮ ಮನೆಯವರೆಲ್ಲ ಫೋನ್ ಮಾಡಿ ಇದೇ ದ್ರವದ ಹೆಸರು ಕೇಳಿದರು.

ಭಾವಮೈದನ ಕ್ಯಾನ್ ಬಂತು, ಆದರೆ ನಮ್ಮ ಮನೆಗಲ್ಲ. ಬೆಳಗಿನ ಜಾವ ಅಪಾರ್ಟ್‌ಮೆಂಟಿನ ಕಾರುಗಳನ್ನೆಲ್ಲ ತೊಳೆಯುವ ಅಣ್ಣನಿಗೆ ಅಸೋಸಿಯೇಷನ್‌ನಿಂದ ಕೊಡಿಸಿದೆವು. ಅವರ ಕೈಯಲ್ಲಿ ಅದು ಎರಡು ತಿಂಗಳೂ ಉಳಿಯುವುದಿಲ್ಲ. ಕ್ಯಾನ್ ಜೊತೆ ಅಳತೆಯ ಕಪ್ಪು, ಕೈಗೆ ಗ್ಲೌಸ್ ಕೊಟ್ಟೆವು. ಗ್ಲೌಸ್ ಜಾರುತ್ತೆ, ಒಂದು ಸೈಜ್ ಚಿಕ್ಕದು ಬೇಕು ಎಂದರು. ಏಸಿ ನೀರಿಗೆ ಇನ್ನೊಂದು ಡ್ರಮ್ಮನ್ನೂ ಕೇಳಿದರು, ಸೊಳ್ಳೆ ಬರದ ಹಾಗೆ ಮುಚ್ಚಳ ಇರುವುದು.