ವಚನದ ದನಿ

ವಚನದ ಅರ್ಥ ಬಲ್ಲವರೂ ಅದರ ದನಿಯನ್ನರಿಯದೆ ಎಡವುವುದುಂಟು. ಬಸವಣ್ಣನವರು ತಮ್ಮನ್ನೇ ಹಳಿದುಕೊಳ್ಳುವಲ್ಲಿ ಕೇಳಿಬರುವುದು ದೈನ್ಯದ ಮೊರೆ. ಅದನ್ನೇ ಗಡುಸಾಗಿ ನುಡಿದರೆ, ಅತ್ತೆಯು ಸೊಸೆಯನ್ನು ಚುಚ್ಚಲು ಎತ್ತಿಕೊಂಡ ಮಾತಾಗುವುದು. ಇಂತಹ ಓದು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ.

ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳ ‘ಷಟ್‌ಸ್ಥಲಜ್ಞಾನಸಾರಾಮೃತ’ದಲ್ಲಿ 701 ವಚನಗಳಿವೆ. ಅಂಕಿತವೊಂದೇ, ದನಿಯೊಂದೇ ಅಲ್ಲ. ಭಕ್ತಸ್ಥಲದ ಬಿನ್ನಹವನ್ನು ಐಕ್ಯಸ್ಥಲದ ನಿಶ್ಚಿಂತೆಯಿಂದ ಓದಿದರೆ ಎರಡೂ ಕೆಡುವುವು. ಆದುದರಿಂದ ಓದುಗನು ಮೊದಲು ಸ್ಥಲವನ್ನು ನೋಡಿಕೊಳ್ಳತಕ್ಕುದು.

ಗುಬ್ಬಿಯ ಮಲ್ಲಣಾರ್ಯರು 1513ರಲ್ಲಿ ರಚಿಸಿದ ‘ಭಾವಚಿಂತಾರತ್ನ’ವು ಷಟ್ಪದಿಯ ಕಥನಕಾವ್ಯ, ಅಲ್ಲಿ ಛಂದಸ್ಸೇ ನಾಲಗೆಯನ್ನು ನಡೆಸುವುದು. ವಚನಕ್ಕೆ ಆ ಊರುಗೋಲಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ತಗ್ಗಬೇಕೆಂಬುದನ್ನು ಬಹುಮಟ್ಟಿಗೆ ಸಂಬೋಧನೆಯೇ ತೋರುವುದು. ‘ಅಯ್ಯಾ’ ಎಂದು ಕರೆದುದು ದೇವನನ್ನೋ, ಶರಣನನ್ನೋ, ತನ್ನ ಮನವನ್ನೋ? ಸಂಜೆ ಮಕ್ಕಳಿಂದ ಓದಿಸುವ ಹಿರಿಯರು ಅರ್ಥಕ್ಕಿಂತ ಮುನ್ನ ಇದನ್ನು ಕೇಳಲಿ.